ಪ್ರಶ್ನೆಗಳ ಉಪವಾಸ

ಫೆಬ್ರವರಿ ೧೮, ಬೂದಿ ಬುಧವಾರ

ಈ ಡೈರಿ ಶೇವಿಂಗ್ ಕ್ರೀಮು ತಂದುಕೊಡುವ ಏಜೆಂಟು ಹೊಸ ವರ್ಷಕ್ಕೆ ಕೊಟ್ಟದ್ದು. ಇಲ್ಲಿಯವರೆಗೆ ರೇಜರ್ ಒರೆಸಲು ಇದರ ಹಾಳೆ ಹರಿಯುತ್ತಿದ್ದೆ. ಜನವರಿ ಪೂರ್ತಿ ಹೋಗಿದೆ. ಇವತ್ತಿನಿಂದ ಬರೆಯುತ್ತೇನೆ. ಬರೆಯದಿದ್ದರೆ ಹೊಟ್ಟೆ ಒಡೆದು ಸತ್ತೇನು.

ಆದದ್ದಿಷ್ಟು. ಬೆಳಗಿನ ಪೂಜೆಯಲ್ಲಿ ಹೊಸ ಫಾದರು ಎಲ್ಲರ ಹಣೆಗೆ ಬೂದಿ ಹಚ್ಚಿ, "ಈ ತಪಸ್ಸುಕಾಲದಲ್ಲಿ ಬಾಯೊಳಗೆ ಹೋಗೋದನ್ನಷ್ಟೇ ಅಲ್ಲ, ಬಾಯಿಂದ ಹೊರಗೆ ಬರೋದನ್ನೂ ಸ್ವಲ್ಪ ನೋಡ್ಕೊಳ್ಳಿ" ಎಂದರು. ಆಮೇಲೆ ಅಂಗಳದಲ್ಲಿ, ಈಸ್ಟರ್‌ವರೆಗಿನ ಈ ನಲವತ್ತು ದಿನ ಯಾರು ಏನು ಬಿಡುತ್ತಾರೆ ಎಂಬ ಮಾತು ಬಂತು. ನಾನು ಪ್ರತಿ ವರ್ಷದಂತೆ ಮಾಂಸ ಬಿಡುತ್ತೇನೆ ಎಂದೆ. ನನ್ನ ಹೆಂಡತಿ ಎಲ್ಲರೆದುರೇ, "ಅದೇನ್ರೀ ದೊಡ್ಡದು? ಅಡುಗೆ ಮಾಡೋಳು ನಾನು. ನಾನು ಮಾಡದಿದ್ರೆ ನೀವು ತಾನಾಗೇ ಬಿಡ್ತೀರ. ಧೈರ್ಯ ಇದ್ರೆ ಪ್ರಶ್ನೆ ಕೇಳೋದು ಬಿಡಿ ನೋಡೋಣ" ಎಂದಳು. ಹಾಡಿನ ತಂಡದ ಮೀಸೆ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಫಾದರೂ ನಕ್ಕರು. ನನಗೆ ಎಲ್ಲಿತ್ತೋ ಸಿಟ್ಟು, "ಬಿಟ್ಟೆ! ಈಸ್ಟರ್‌ವರೆಗೆ ಈ ಬಾಯಿಂದ ಒಂದೇ ಒಂದು ಪ್ರಶ್ನೆ ಬಂದ್ರೆ ನನ್ನ ಹೆಸರೇ ಬದಲಾಯಿಸಿ" ಎಂದುಬಿಟ್ಟೆ.

ಈಗ ಕೂತು ಯೋಚಿಸುತ್ತಿದ್ದೇನೆ. ನಾನು ಕ್ಷೌರದವನು. ಕತ್ತರಿ ಎಷ್ಟು ಮುಖ್ಯವೋ ಪ್ರಶ್ನೆಯೂ ಅಷ್ಟೇ ಮುಖ್ಯ. ಮಗಳಿಗೆ ಗಂಡು ಸಿಕ್ಕಿತೇ, ಮೊಣಕಾಲು ಹೇಗಿದೆ, ಪಕ್ಕದ ಮನೆಯವರು ಯಾಕೆ ಖಾಲಿ ಮಾಡಿದರು? ಇಷ್ಟೂ ಕೇಳದೆ ಒಂದು ತಲೆ ಮುಗಿಸುವುದು ಹೇಗೆ?

ಅಸಲಿಗೆ ನನಗೆ ಉತ್ತರ ಬೇಕಾಗಿರುವ ಪ್ರಶ್ನೆ ಒಂದೇ. ಅಂಗಡಿಯಲ್ಲಿ ಎರಡು ಕುರ್ಚಿ. ಬಾಗಿಲ ಕಡೆಯದು ನನ್ನದು, ಕಿಟಕಿ ಕಡೆಯದು ನನ್ನ ತಮ್ಮನದು. ಹೋದ ವರ್ಷ ಈಸ್ಟರ್ ಕಳೆದ ಮೇಲೆ ಒಂದು ಸಂಜೆ ಅವನು ತನ್ನ ಕತ್ತರಿಗಳನ್ನು ಒರೆಸಿ ಡ್ರಾಯರಿಗೆ ಹಾಕಿ, "ಅಣ್ಣ, ನಾಳೆಯಿಂದ ನಾನು ಬರಲ್ಲ" ಎಂದ. ಅಷ್ಟೇ. ಈಗ ಯಾವುದೋ ಗೋಡೌನಿನ ಗೇಟು ಕಾಯುತ್ತಾನೆ. ನನ್ನ ಮೇಲೆ ಕೋಪವೇ? ಯಾರಾದರೂ ಕಿವಿ ಊದಿದರೇ? ಅವನ ಮನೆಗೆ ಹೋಗಿ ಕೇಳಿದೆ, ಗೇಟಿನ ಹತ್ತಿರ ಕೇಳಿದೆ, ಚರ್ಚಿನ ಮೆಟ್ಟಿಲ ಮೇಲೆ ಕೇಳಿದೆ. ತುಟಿ ಬಿಚ್ಚಲಿಲ್ಲ. ಈಗಂತೂ ಚರ್ಚಿನಲ್ಲಿ ಕೊನೆಯ ಬೆಂಚಿನಲ್ಲಿ ಕೂತು, ನನ್ನ ಕೈಗೆ ಸಿಗಬಾರದೆಂದು ಕೊನೆಯ ಆಶೀರ್ವಾದಕ್ಕೂ ಮೊದಲೇ ಎದ್ದು ಹೋಗುತ್ತಾನೆ. ನಾನು ಎತ್ತಿ ಆಡಿಸಿದ ಹುಡುಗ!

ಈಸ್ಟರ್ ತನಕ ನೋಡುತ್ತೇನೆ. ಅಷ್ಟರೊಳಗೆ ಅವನು ಬಂದರೆ ಸರಿ. ಇಲ್ಲದಿದ್ದರೆ ಆ ಕುರ್ಚಿಗೆ ಬೇರೆ ಕೆಲಸದವನನ್ನು ಇಡುತ್ತೇನೆ. ಇದು ಹೆಂಡತಿಗೂ ಹೇಳಿದ್ದೇನೆ.

ಇವತ್ತು ಶೇವಿಂಗಿಗೆ ಬಂದವರ ಹಣೆಯ ಬೂದಿ ಅಳಿಸದ ಹಾಗೆ ಕೆಲಸ ಮಾಡುವಷ್ಟರಲ್ಲಿ ಸಾಕುಸಾಕಾಯಿತು.

ಫೆಬ್ರವರಿ ೨೦, ಶುಕ್ರವಾರ

ಅನಾಹುತ.

ಮೀಸೆ ಮೇಷ್ಟ್ರು ಬಂದರು. ಕೂತರು. "ಮಾಡಪ್ಪ" ಎಂದು ಎಂದಿನಂತೆ ನಿದ್ದೆ ಹೋದರು. ತಲೆ ಮುಗಿಸಿ ಮೀಸೆಯ ತುದಿ ಸರಿಮಾಡಲು ಹೊರಟೆ. ಎಡಗಡೆ ಒಂದು ಎಳೆ ಹೆಚ್ಚಿತ್ತು, ತೆಗೆದೆ. ಆಗ ಬಲಗಡೆ ಉದ್ದವಾಯಿತು, ತೆಗೆದೆ. ಬೇರೆ ದಿನವಾಗಿದ್ದರೆ ಅಷ್ಟು ಹೊತ್ತಿಗೆ ಭುಜ ತಟ್ಟಿ, "ಸಾಕಾ ಮೇಷ್ಟ್ರೇ?" ಎಂದು ಕೇಳಿರುತ್ತಿದ್ದೆ. ಅವರು ಒಂದು ಕಣ್ಣು ತೆರೆದು ಸಾಕು ಎನ್ನುತ್ತಿದ್ದರು. ಇವತ್ತು ಕೇಳುವ ಹಾಗಿಲ್ಲ. ಎಡ, ಬಲ, ಮತ್ತೆ ಎಡ. ಕೊನೆಗೆ ಮೂಗಿನ ಕೆಳಗೆ ಎರಡು ಚುಕ್ಕೆ ಉಳಿದವು. ಅವು ನೋಡಲು ಇನ್ನೂ ಅಸಹ್ಯವಾಗಿದ್ದವು. ಕಣ್ಣು ಮುಚ್ಚಿ ಅವನ್ನೂ ತೆಗೆದುಬಿಟ್ಟೆ.

ಮೇಷ್ಟ್ರು ಎದ್ದು ಕನ್ನಡಿ ನೋಡಿದರು. ಹಿಂದೆ ತಿರುಗಿ ಯಾರಿದ್ದಾರೆ ಎಂದು ನೋಡಿದರು. ಮತ್ತೆ ಕನ್ನಡಿ ನೋಡಿದರು.

"ಇದೇನಯ್ಯಾ ಮಾಡಿಬಿಟ್ಟೆ! ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳೋ ಹಾಗಿಲ್ಲ ಮೇಷ್ಟ್ರೇ. ವ್ರತ."

ಅವರ ಬಾಯಿಂದ ಬಂದದ್ದನ್ನು ತಪಸ್ಸುಕಾಲದಲ್ಲಿ ಬರೆಯಲಾರೆ.

ಫೆಬ್ರವರಿ ೨೨, ಭಾನುವಾರ

ಒಳ್ಳೆಯ ಸುದ್ದಿ! ಪೂಜೆಗೆ ಮೊದಲೇ ಫಾದರಿಗೆ ಎದುರಾಗಿ, "ಭಾನುವಾರಗಳು ಉಪವಾಸದ ಲೆಕ್ಕಕ್ಕೆ ಬರೋದಿಲ್ಲ ಅಂತ ನಮ್ಮಪ್ಪ ಹೇಳ್ತಿದ್ರು ಫಾದರ್. ಅದು ನಿಜ ಇರಬೇಕು" ಎಂದೆ. ಇದು ಪ್ರಶ್ನೆಯಲ್ಲ, ಗಮನಿಸಬೇಕು. ಫಾದರು ನನ್ನ ಮುಖ ನೋಡಿ, "ನಿಜ ಹೌದು. ಭಾನುವಾರ ಪುನರುತ್ಥಾನದ ದಿನ, ಉಪವಾಸ ಇಲ್ಲ. ನಿಮಗೆ ಇಷ್ಟು ಬೇಗ ಹಸಿವಾಯ್ತಾ?" ಎಂದರು.

ಹಸಿವೇ? ವಾರವಿಡೀ ಕೂಡಿಟ್ಟ ಪ್ರಶ್ನೆಗಳು ಒಳಗೆ ಗುದ್ದಾಡುತ್ತಿದ್ದವು. ಪೂಜೆ ಮುಗಿದ ತಕ್ಷಣ ಅಂಗಳಕ್ಕೆ ಓಡಿದೆ. ತಮ್ಮ ಎಂದಿನಂತೆ ಮಾಯ. ಅವನ ಹೆಂಡತಿ ಗೇಟಿನ ಕಡೆ ಹೊರಟಿದ್ದಳು. ಹಿಡಿದು ನಿಲ್ಲಿಸಿದೆ.

"ಏನಮ್ಮ, ಅವನಿಗೇನಾಗಿದೆ? ಕ್ಷೌರದವರ ಮನೆ ಮಗ, ಎದೆವರೆಗೆ ಗಡ್ಡ ಬಿಟ್ಟಿದ್ದಾನಲ್ಲ, ಯಾಕೆ? ಹರಕೆನಾ? ನನ್ನ ಮರ್ಯಾದೆ ತೆಗೀಬೇಕು ಅಂತಾನಾ? ಚರ್ಚಿನಲ್ಲೂ ಜೇಬಿನಿಂದ ಕೈ ತೆಗೆಯಲ್ವಲ್ಲ, ಅದ್ಯಾವ ಸೀಮೆ ಭಕ್ತಿ? ನಾನೇನು ಮಾಡಿದೆ ಅವನಿಗೆ?"

"ಭಾವ, ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ" ಎಂದು ಹೋಗಿಯೇಬಿಟ್ಟಳು. ಒಲೆಯ ಮೇಲೆ ಹಾಲಿಟ್ಟು ಪೂರ್ತಿ ಪೂಜೆಗೆ ಬರುವವರು ಯಾರಾದರೂ ಇದ್ದಾರೆಯೇ?

ಮೇಷ್ಟ್ರು ಕರವಸ್ತ್ರ ಬಾಯಿಗೆ ಹಿಡಿದುಕೊಂಡೇ ಹಾಡು ಹೇಳಿಕೊಟ್ಟರು. ಚಿಕ್ಕ ಮಕ್ಕಳು ಅವರನ್ನು ಹೊಸಬರು ಎಂದುಕೊಂಡಿವೆಯಂತೆ.

ಫೆಬ್ರವರಿ ೨೬, ಗುರುವಾರ

ಅಂಗಡಿಯಲ್ಲಿ ಕತ್ತರಿಯ ಸದ್ದು ಇಷ್ಟು ಜೋರೆಂದು ನನಗೆ ಗೊತ್ತಿರಲಿಲ್ಲ. ಮೊದಲೆರಡು ದಿನ ಗಿರಾಕಿಗಳು ನನ್ನ ಮೈ ಸರಿಯಿಲ್ಲ ಎಂದುಕೊಂಡರು. "ಮನೇಲಿ ಎಲ್ಲಾ ಕ್ಷೇಮ ತಾನೆ?" ಎಂದು ಅವರೇ ನನ್ನನ್ನು ಕೇಳತೊಡಗಿದರು. ಎಂಥಾ ಕಾಲ ಬಂತು!

ಇವತ್ತು ಬಸ್ ಕಂಡಕ್ಟರ್ ಬಂದಿದ್ದ. ಅವನ ಬಲಗಿವಿಯ ಹಿಂದೆ ಒಂದು ಗಾಯದ ಗುರುತಿದೆ. ಅಲ್ಲಿ ಕೂದಲು ಬೆಳೆಯುವುದಿಲ್ಲ, ಹುಷಾರಾಗಿ ಕತ್ತರಿಸಬೇಕು. ಎಷ್ಟೋ ವರ್ಷದಿಂದ ಅದೇನೆಂದು ಕೇಳುತ್ತಾ ಬಂದಿದ್ದೇನೆ. ಒಮ್ಮೆ ನಾಯಿ ಕಚ್ಚಿತು ಎಂದ. ಇನ್ನೊಮ್ಮೆ ಬಸ್ಸಿನ ಬಾಗಿಲು. ಮತ್ತೊಮ್ಮೆ ಮಾವಿನ ಮರದಿಂದ ಬಿದ್ದೆ ಎಂದ. ಇವತ್ತು ನಾನು ಸುಮ್ಮನೆ ಅಲ್ಲಿ ಬಾಚಣಿಗೆ ಆಡಿಸುತ್ತಿದ್ದೆ. ಅವನು ಕನ್ನಡಿಯಲ್ಲಿ ನನ್ನನ್ನು ನೋಡದೆ, "ಅದು ನಮ್ಮಪ್ಪ ಹೊಡೆದದ್ದು. ಬೆಲ್ಟಿನ ಬಕಲ್ ತಾಗಿತು. ಪರೀಕ್ಷೇಲಿ ಫೇಲಾಗಿದ್ದೆ" ಎಂದ.

ಕುತ್ತಿಗೆಯ ಮೇಲೆ ಬಿದ್ದ ಕೂದಲನ್ನು ಬ್ರಷ್ಷಿನಿಂದ ಮೆಲ್ಲಗೆ ಹೊಡೆದೆ. ಅವನು ಎದ್ದು ಹೋಗುವಾಗ, "ಇವತ್ತು ಕಟಿಂಗ್ ಚೆನ್ನಾಗಿ ಬಂತು" ಎಂದ. ನಾನು ಮಾಡಿದ್ದು ಎಂದಿನ ಕಟಿಂಗೇ. ಅವನಿಗೆ ಇವತ್ತು ಏನಾಗಿತ್ತೋ.

ಮಾರ್ಚ್ ೧, ಭಾನುವಾರ

ಇವತ್ತು ಪ್ಲಾನ್ ಮಾಡಿಕೊಂಡೇ ಹೋದೆ. ಕೊನೆಯ ಬೆಂಚಿನಲ್ಲಿ ನಾನೇ ಮೊದಲು ಹೋಗಿ ಕೂತೆ. ತಮ್ಮ ಬಂದ, ನನ್ನನ್ನು ನೋಡಿ ಒಂದು ಕ್ಷಣ ನಿಂತ, ಬೇರೆ ಜಾಗವಿರಲಿಲ್ಲ, ಪಕ್ಕದಲ್ಲಿ ಕೂತ. ಎಷ್ಟೋ ತಿಂಗಳ ಮೇಲೆ ಅವನ ಭುಜ ನನ್ನ ಭುಜಕ್ಕೆ ತಾಗಿತು. ಗಡ್ಡ ಹತ್ತಿರದಿಂದ ಇನ್ನೂ ಕೆಟ್ಟದಾಗಿತ್ತು, ಒಂದು ಕಡೆ ಯಾರೋ ಅಡುಗೆಮನೆ ಕತ್ತರಿಯಲ್ಲಿ ಕತ್ತರಿಸಿದ ಹಾಗೆ. ಕೈ ಜೇಬಿನಲ್ಲೇ. 'ಪರಲೋಕದಲ್ಲಿರುವ ನಮ್ಮ ತಂದೆಯೇ' ಹೇಳುವಾಗಲೂ ಜೇಬಿನಲ್ಲೇ. ಪ್ರಸಾದವನ್ನೂ ಅಂಗೈಯಲ್ಲಿ ಅಲ್ಲ, ನಾಲಿಗೆಯ ಮೇಲೆ ತೆಗೆದುಕೊಂಡ.

ಬೆಂಚಿಗೆ ವಾಪಸ್ ಬಂದಾಗ ತಡೆಯಲಾಗಲಿಲ್ಲ. ಭಾನುವಾರ ತಾನೆ, ನನ್ನ ಹಕ್ಕು. ಪಿಸುಗುಟ್ಟಿದೆ: "ಯಾಕೋ? ಒಂದೇ ಒಂದು ಸಲ ಹೇಳಿಬಿಡು. ಯಾಕೆ ಬಿಟ್ಟೆ?"

"ಮತ್ತೆ ಶುರು ಮಾಡಿದ್ಯಾ ಅಣ್ಣ" ಎಂದ. ಕೋಪದಿಂದಲ್ಲ. ಕೋಪವಿದ್ದಿದ್ದರೆ ನಾನೂ ಕೂಗಾಡಬಹುದಿತ್ತು. ದಣಿದವನ ಹಾಗೆ ಹೇಳಿ ಎದ್ದು ಹೋದ.

ಊಟ ಸೇರಲಿಲ್ಲ. ಹೆಂಡತಿ ಏನೂ ಕೇಳಲಿಲ್ಲ. ಅವಳು ಯಾವಾಗಲೂ ಹಾಗೆಯೇ, ಕೇಳುವುದೇ ಇಲ್ಲ. ಆದರೂ ಎಲ್ಲಾ ಅವಳಿಗೇ ಗೊತ್ತಿರುತ್ತದೆ. ಅದು ಹೇಗೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಮಾರ್ಚ್ ೩, ಮಂಗಳವಾರ

ಕೆಲಸ ಕೇಳಿಕೊಂಡು ಒಬ್ಬ ಬಂದಿದ್ದ. ಕೈ ಚುರುಕಿದೆ. ಕಿಟಕಿ ಕಡೆಯ ಕುರ್ಚಿಯನ್ನು ಸುತ್ತಿಸಿ ನೋಡಿ, "ಇದು ಯಾರದ್ದು?" ಎಂದ. ಈಸ್ಟರ್ ಆದ ಮೇಲೆ ಬಾ ಎಂದೆ. ಅವನು ಕುರ್ಚಿ ಸುತ್ತಿಸಿದ್ದು ನನಗೆ ಇಷ್ಟವಾಗಲಿಲ್ಲ.

ಮಾರ್ಚ್ ೬, ಶುಕ್ರವಾರ

ಸಂಜೆ ಶಿಲುಬೆ ಹಾದಿಗೆ ಹೋಗಿದ್ದೆ. ಯೇಸು ಶಿಲುಬೆ ಹೊತ್ತು ನಡೆದ ದಾರಿಯ ಆ ಹದಿನಾಲ್ಕು ಚಿತ್ರಗಳನ್ನು ಚರ್ಚಿನ ಗೋಡೆಯ ಮೇಲೆ ಚಿಕ್ಕಂದಿನಿಂದ ನೋಡುತ್ತಾ ಬಂದಿದ್ದೇನೆ. ಮೊಣಕಾಲೂರಿ ಏಳುವುದರಲ್ಲೇ ಗಮನವಿರುತ್ತಿತ್ತು. ಇವತ್ತು, ಕೇಳುವ ಹಾಗಿಲ್ಲದ ಬಾಯಿಗೆ ಬೇರೆ ಕೆಲಸವಿಲ್ಲದ್ದರಿಂದಲೋ ಏನೋ, ಕಣ್ಣು ಬಿಟ್ಟು ನೋಡಿದೆ.

ಒಂದು ವಿಚಿತ್ರ ಗಮನಕ್ಕೆ ಬಂತು. ದಾರಿಯುದ್ದಕ್ಕೂ ಯೇಸುವಿಗೆ ಸಹಾಯ ಮಾಡಿದವರು ಯಾರೂ ಅವನನ್ನು ಏನನ್ನೂ ಕೇಳುವುದಿಲ್ಲ. ಪ್ರಶ್ನೆ ಕೇಳುವವರೆಲ್ಲ ಮೊದಲೇ ಮುಗಿಸಿದ್ದಾರೆ, ಅರಮನೆಯಲ್ಲಿ, ಕಟಕಟೆಯಲ್ಲಿ: ನೀನು ಯಾರು, ಎಲ್ಲಿಂದ ಬಂದೆ, ನೀನು ರಾಜನೋ? ಅವನು ಬಹುತೇಕ ಸುಮ್ಮನೇ ಇದ್ದ. ಇಲ್ಲಿ ಬೀದಿಯಲ್ಲಿ ಒಬ್ಬ ಶಿಲುಬೆಗೆ ಹೆಗಲು ಕೊಡುತ್ತಾನೆ. ವೆರೋನಿಕಾ ಎಂಬ ಹೆಂಗಸು ಜನರ ನಡುವೆ ನುಗ್ಗಿ ಬಂದು ಮುಖ ಒರೆಸಿಕೊಳ್ಳಲು ಬಟ್ಟೆ ಕೊಡುತ್ತಾಳೆ. ಮುಖ ಒರೆಸುವುದು ನಮ್ಮ ಕಸುಬು, ಹಾಗಾಗಿ ಆ ಚಿತ್ರದ ಮುಂದೆ ಹೆಚ್ಚು ಹೊತ್ತು ನಿಂತೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ? "ಅಯ್ಯೋ, ಇದೇನಿದು, ಯಾರು ಹೊಡೆದದ್ದು? ಯಾವಾಗ? ನೀನಾದರೂ ಯಾಕೆ ಸುಮ್ಮನಿದ್ದೆ? ಮನೆಯವರಿಗೆ ಗೊತ್ತಾ?" ಎಂದು ಶುರು ಮಾಡುತ್ತಿದ್ದೆ. ಟವಲಿನ ಮಡಿಕೆ ಬಿಚ್ಚುವಷ್ಟರಲ್ಲಿ ಸೈನಿಕರು ಅವನನ್ನು ಮುಂದಿನ ಬೀದಿಗೆ ದಾಟಿಸಿರುತ್ತಿದ್ದರು.

ಇದನ್ನು ಮನೆಗೆ ಬಂದು ಹೆಂಡತಿಗೆ ಹೇಳಿ ನಕ್ಕೆ. ಅವಳು ನಗಲಿಲ್ಲ. ನನ್ನನ್ನೇ ಒಂದು ಸಲ ನೋಡಿ, "ಚಪಾತಿ ಇನ್ನೊಂದು ಹಾಕ್ಲಾ?" ಎಂದಳು.

ಮಾರ್ಚ್ ೧೫, ಭಾನುವಾರ

ಎಷ್ಟೋ ದಿನ ಬರೆದಿಲ್ಲ. ಬರೆಯುವಂಥದ್ದು ಒಳಗೆ ಗುದ್ದಾಡಲಿಲ್ಲ. ಅಂಗಡಿಯಲ್ಲಿ ಜನ ಜಾಸ್ತಿ, ಕೂತವರು ಬೇಗ ಏಳುವುದಿಲ್ಲ, ಕೆಲಸ ಮುಗಿದರೂ ಮಾತಾಡುತ್ತಿರುತ್ತಾರೆ. ಔಷಧಿ ಅಂಗಡಿಯವನು ತನ್ನ ಮಗಳ ವಿಷಯ ಹೇಳುತ್ತಾ ಕಣ್ಣೀರು ಹಾಕಿದ. ಈ ಜನಕ್ಕೆ ತಪಸ್ಸುಕಾಲ ಈ ಸಲ ತುಂಬಾ ನಾಟಿದೆ.

ಇವತ್ತು ಫಾದರು ಗುಲಾಬಿ ಬಣ್ಣದ ಉಡುಪು ಹಾಕಿದ್ದರು. ತಪಸ್ಸುಕಾಲದ ನಡುವೆ ಒಂದು ಭಾನುವಾರ ಹಾಗೆ, ಅರ್ಧ ದಾರಿ ದಾಟಿದ ಸಂತೋಷಕ್ಕೆ. "ರೀ, ಇವತ್ತು ಭಾನುವಾರ, ಏನಾದ್ರೂ ಕೇಳ್ಕೊಳ್ಳಿ" ಎಂದು ಹೆಂಡತಿ ಚುಚ್ಚಿದಳು. ಎಷ್ಟು ತಲೆ ಕೆರೆದುಕೊಂಡರೂ ಫಾದರ ಉಡುಪು ಒಗೆದಾಗ ಬಣ್ಣ ಬಿಡುತ್ತದೆಯೇ ಎಂಬುದು ಬಿಟ್ಟು ಬೇರೇನೂ ಹೊಳೆಯಲಿಲ್ಲ.

ಅಂಗಳದಲ್ಲಿ ನಿಂತಿದ್ದೆ. ತಮ್ಮನ ಹೆಂಡತಿ ತಾನಾಗಿ ಬಂದು ಪಕ್ಕದಲ್ಲಿ ನಿಂತಳು. ಬಿಸಿಲು ಜಾಸ್ತಿಯಾಯಿತು ಎಂದೆ. ಹೌದು ಭಾವ ಎಂದಳು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಗೋಡೆಯ ಮೇಲಿನ ಬೆಕ್ಕನ್ನು ನೋಡಿದೆವು.

"ಅವರಿಗೆ ಗಡ್ಡ ಕೆರೆಯುತ್ತೆ ಭಾವ. ರಾತ್ರಿ ನಿದ್ದೆ ಇಲ್ಲ. ಚರ್ಮ ಕೆಂಪಾಗಿದೆ."

"ಬಿಸಿನೀರಲ್ಲಿ ಟವಲ್ ಅದ್ದಿ, ಹಿಂಡಿ, ಮುಖಕ್ಕೆ ಹಾಕಮ್ಮ. ಅದು ಆರೋವರೆಗೂ ತೆಗೀಬೇಡ. ಆಮೇಲೆ ಎರಡು ತೊಟ್ಟು ಕೊಬ್ಬರಿ ಎಣ್ಣೆ ಬೇರಿಗೆ ಇಳಿಯೋ ಹಾಗೆ ಸವರು. ಒಣಗಿದ ಗಡ್ಡ ಬಾಚಬೇಡ."

ಅವಳು ಒಂದೊಂದನ್ನೂ ತಲೆಯಾಡಿಸಿ ಕೇಳಿಸಿಕೊಂಡಳು. "ಬರ್ತೀನಿ ಭಾವ" ಎಂದಳು. ಒಲೆಯ ಮೇಲಿನ ಹಾಲು ಇವತ್ತು ಇರಲಿಲ್ಲ.

ಮನೆಯ ತಿರುವಿನಲ್ಲಿ ಹೊಳೆಯಿತು, ಅವನು ಬೋಳಿಸಿಕೊಳ್ಳುವುದಿಲ್ಲ ಯಾಕೆ ಎಂದು ಕೇಳುವುದೇ ಮರೆತಿದ್ದೆ. ಎಂಥಾ ಪೆದ್ದ ನಾನು, ಕೈಗೆ ಬಂದ ಅವಕಾಶ!

ಮಾರ್ಚ್ ೨೧, ಶನಿವಾರ

ಚರ್ಚಿನ ಪ್ರತಿಮೆಗಳಿಗೆ ನೇರಳೆ ಬಟ್ಟೆ ಮುಚ್ಚುವ ಕೆಲಸಕ್ಕೆ ಕರೆದಿದ್ದರು. ಈಸ್ಟರ್‌ವರೆಗೆ ಅವುಗಳ ಮುಖ ಕಾಣಿಸುವುದಿಲ್ಲ. ಬಟ್ಟೆ ಹೊದಿಸಿ ಕುತ್ತಿಗೆಗೆ ಕಟ್ಟುವುದು ನನಗೆ ಅಭ್ಯಾಸವಾದ ಕೆಲಸ, ಸಂತ ಜೋಸೆಫರಿಗೆ ಹಿಂದಿನಿಂದ ಗಂಟು ಹಾಕುವಾಗ ಬಾಯಿತಪ್ಪಿ "ತಲೆ ಸ್ವಲ್ಪ ಬಗ್ಗಿಸಿ" ಎಂದೆ. ಏಣಿ ಹಿಡಿದಿದ್ದ ಮೇಷ್ಟ್ರು ನಕ್ಕರು. ಅವರ ಮೀಸೆ ಹುಲ್ಲಿನಂತೆ ಚಿಗುರಿದೆ. "ನಿನ್ನ ಮೇಲಿನ ಸಿಟ್ಟು ಇಳೀತು ಕಣಯ್ಯ. ಮೀಸೆ ಹೋದ ಮೇಲೆ ನನ್ನ ಹೆಂಡತಿ, ಮದುವೆ ಆದಾಗಿನಿಂದ ನೀವು ನಗೋದನ್ನ ಸರಿಯಾಗಿ ನೋಡೇ ಇರಲಿಲ್ಲ ಅಂದಳು" ಎಂದರು.

ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ ಫಾದರು ಪವಿತ್ರ ಗುರುವಾರ ಹನ್ನೆರಡು ಜನರ ಪಾದ ತೊಳೆಯುವಾಗ ಪಕ್ಕದಲ್ಲಿ ಟವಲ್ ಹಿಡಿಯಲು ನನಗೆ ಹೇಳಿದ್ದಾರೆ. "ಟವಲ್ ವಿಷಯ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು" ಎಂದರು. ಒಪ್ಪಿದೆ.

ಮಾರ್ಚ್ ೨೯, ಗರಿಗಳ ಭಾನುವಾರ

ಮೆರವಣಿಗೆಯಲ್ಲಿ ಎಲ್ಲರ ಕೈಯಲ್ಲೂ ಗರಿ. ತಮ್ಮನ ಗರಿಯನ್ನೂ ಅವನ ಹೆಂಡತಿಯೇ ಹಿಡಿದಿದ್ದಳು. ಅವನು ಜೇಬಿನಲ್ಲಿ ಕೈ ಇಟ್ಟು ನಡೆಯುತ್ತಿದ್ದ. ಗಡ್ಡಕ್ಕೆ ಎಣ್ಣೆ ಹಚ್ಚಿದ ಹೊಳಪಿತ್ತು. ನನ್ನನ್ನು ನೋಡಿ ತಲೆಯಾಡಿಸಿದ. ನಾನೂ ತಲೆಯಾಡಿಸಿದೆ.

ಆ ಜೇಬಿನೊಳಗೆ ಏನಿದೆಯೋ ಎಂಬ ಕುತೂಹಲ ಇನ್ನೂ ಇದೆ. ಆದರೆ ಮೊದಲಿನಂತೆ ನಾಲಿಗೆಯ ಮೇಲೆ ಕೂತು ತುರಿಸುತ್ತಿಲ್ಲ. ವಯಸ್ಸಾಗುತ್ತಿದೆ ಎಂದು ಕಾಣುತ್ತದೆ.

ಏಪ್ರಿಲ್ ೨, ಪವಿತ್ರ ಗುರುವಾರ

ಇದನ್ನು ನಿಧಾನವಾಗಿ ಬರೆಯಬೇಕು.

ಪಾದ ತೊಳೆಸಿಕೊಳ್ಳಲು ಆರಿಸಿದ ಹನ್ನೆರಡು ಜನರಲ್ಲಿ ಒಬ್ಬ ಬರಲಿಲ್ಲ, ಅವನಿಗೆ ಜ್ವರವಂತೆ. ಪೂಜೆ ಶುರುವಾಗುವ ಹೊತ್ತು. ಮೇಷ್ಟ್ರು ಸುತ್ತ ನೋಡಿದರು, ನೇರ ಕೊನೆಯ ಬೆಂಚಿಗೆ ಹೋಗಿ ನನ್ನ ತಮ್ಮನ ತೋಳು ಹಿಡಿದು ಎಬ್ಬಿಸಿದರು. ಅವನು ಬೇಡ ಬೇಡ ಎಂದು ತಲೆಯಾಡಿಸುವುದು ನನಗೆ ಕಾಣುತ್ತಿತ್ತು. ಇಡೀ ಚರ್ಚು ತಿರುಗಿ ನೋಡುತ್ತಿತ್ತು. ಕೊನೆಗೆ ಅವನು ಬಂದು ಸಾಲಿನ ತುದಿಯ ಕುರ್ಚಿಯಲ್ಲಿ ಕೂತ.

ಫಾದರು ಒಬ್ಬೊಬ್ಬರ ಮುಂದೆ ಮೊಣಕಾಲೂರಿ ನೀರು ಹೊಯ್ದು ತೊಳೆಯುತ್ತಾ ಬಂದರು. ನಾನು ಟವಲ್ ಕೊಡುತ್ತಾ ಬಂದೆ. ಉಳಿದವರೆಲ್ಲ ಮೊದಲೇ ಬಲಗಾಲಿನ ಶೂ ಕಳಚಿ ಸಿದ್ಧವಾಗಿದ್ದರು. ತಮ್ಮ ಮಾತ್ರ ಶೂ ಹಾಕಿಕೊಂಡೇ ಕೂತಿದ್ದ. ಫಾದರು ಅವನ ಮುಂದೆ ಬಂದು ಕಾದರು. ಆಗ ಅವನು ಜೇಬಿನಿಂದ ಕೈ ತೆಗೆದ.

ಕೈ ನಡುಗುತ್ತಿತ್ತು. ಚಳಿಗೆ ನಡುಗುವ ಹಾಗಲ್ಲ. ಕೈ ಅವನ ಮಾತೇ ಕೇಳದ ಹಾಗೆ. ಬಗ್ಗಿ ಲೇಸಿನ ತುದಿ ಹಿಡಿಯಲು ನೋಡಿದ. ಸಿಗಲಿಲ್ಲ. ಇನ್ನೊಂದು ಕೈಯಿಂದ ಆ ಕೈಯನ್ನು ಹಿಡಿದು ಮತ್ತೆ ಪ್ರಯತ್ನಿಸಿದ. ಇನ್ನೊಂದೂ ನಡುಗುತ್ತಿತ್ತು. ಹಾಡು ನಡೆಯುತ್ತಿತ್ತು, ಮುಂದಿನ ಬೆಂಚುಗಳವರು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಇದೇ ಕೈ. ಕೂತವರ ಕುತ್ತಿಗೆಯ ಮೇಲೆ ರೇಜರ್ ಆಡಿಸಿದರೆ ಅವರಿಗೆ ಗೊತ್ತೇ ಆಗದಿದ್ದ ಕೈ.

ಯಾವಾಗಿನಿಂದ? ಡಾಕ್ಟರು ಏನಂದರು? ನನಗೆ ಯಾಕೋ ಹೇಳಲಿಲ್ಲ, ನಿನ್ನಣ್ಣ ಸತ್ತಿದ್ದನೇ? ಎಲ್ಲವೂ ಹಲ್ಲಿನ ತನಕ ಬಂದವು. ಗುರುವಾರವಾಗಿತ್ತು. ಭಾನುವಾರವಾಗಿದ್ದರೂ ಕೇಳುತ್ತಿರಲಿಲ್ಲ ಎಂದುಕೊಳ್ಳುತ್ತೇನೆ.

ಟವಲನ್ನು ಹೆಗಲಿಗೆ ಹಾಕಿಕೊಂಡು ಕೆಳಗೆ ಕೂತೆ. ಲೇಸು ಬಿಚ್ಚಿದೆ. ಶೂ ತೆಗೆದೆ, ಕಾಲುಚೀಲ ತೆಗೆದೆ. ಫಾದರು ನೀರು ಹೊಯ್ದರು. ಬೆರಳ ಸಂದಿಯಲ್ಲಿ ನೀರು ಉಳಿಯದ ಹಾಗೆ ಒರೆಸಿದೆ. ಕಾಲುಚೀಲ ಹಾಕಿ, ಶೂ ಹಾಕಿ, ಬಿಚ್ಚಿಹೋಗದ ಹಾಗೆ ಎರಡು ಗಂಟು ಹಾಕಿದೆ. ಅವನು ಸ್ಕೂಲಿಗೆ ಹೋಗುವಾಗ ನಾನೇ ಹಾಕಿಕೊಡುತ್ತಿದ್ದ ಗಂಟು.

ಏಳಲು ಆಸರೆ ಬೇಕಾಗಿ ಅವನು ನನ್ನ ತಲೆಯ ಮೇಲೆ ಕೈಯಿಟ್ಟ. ಜೀವಮಾನವಿಡೀ ಊರಿನವರ ತಲೆ ಮುಟ್ಟಿದ್ದೇನೆ, ನನ್ನ ತಲೆಯ ಮೇಲೆ ಹೀಗೆ ಯಾರೂ ಕೈಯಿಟ್ಟಿರಲಿಲ್ಲ. ಕೂದಲೊಳಗೆ ಅವನ ಬೆರಳುಗಳು ನಡುಗುತ್ತಿದ್ದವು. ಅವನು ತೆಗೆಯುವ ತನಕ ಅಲ್ಲಾಡದೆ ಕೂತಿದ್ದೆ. ಅತ್ತುಬಿಟ್ಟೆ. ಟವಲ್ ಹೇಗೂ ಹೆಗಲ ಮೇಲೇ ಇತ್ತು.

ಪೂಜೆ ಮುಗಿದಾಗ ಅವನು ಹೋಗಿರಲಿಲ್ಲ. ಮೆಟ್ಟಿಲ ಹತ್ತಿರ ನಿಂತಿದ್ದ. ನಾನು ಪಕ್ಕದಲ್ಲಿ ಹೋಗಿ ನಿಂತೆ. ಜನ ಎಲ್ಲ ದಾಟಿ ಹೋದರು.

"ಹೋದ ವರ್ಷ," ಎಂದ. "ಮೇಷ್ಟ್ರ ಕಿವಿ ಹತ್ತಿರ ರೇಜರ್ ಇಟ್ಟಿದ್ದೆ ಅಣ್ಣ. ಕೈ ತಾನಾಗೇ ಜಾರಿತು. ಕೂದಲೆಳೆಯಲ್ಲಿ ತಪ್ಪಿತು. ಅವರು ನಿದ್ದೇಲಿದ್ರು, ಗೊತ್ತಾಗಲಿಲ್ಲ. ಅವತ್ತೇ ಕತ್ತರಿ ಒರೆಸಿಟ್ಟೆ."

ನಾನು ಇನ್ನಷ್ಟು ಹತ್ತಿರ ಸರಿದೆ.

"ನಿಂಗೆ ಹೇಳಬೇಕು ಅಂತಲೇ ಇದ್ದೆ. ಬಾಯಿ ತೆರೆಯೋಷ್ಟರಲ್ಲಿ ನೀನು ಇನ್ನೊಂದು ಕೇಳ್ತಿದ್ದೆ. ಅದಕ್ಕೆ ಉತ್ತರ ಯೋಚಿಸೋಷ್ಟರಲ್ಲಿ ಮತ್ತೊಂದು. ಆಮೇಲೆ ಹೇಳೋ ಧೈರ್ಯವೇ ಹೋಯ್ತು."

ಅವನ ತೋಳು ಹಿಡಿದು ಮೆಟ್ಟಿಲಿಳಿಸಿದೆ. "ಭಾನುವಾರ ಅಂಗಡಿಗೆ ಬಾ. ಗಡ್ಡ ತೆಗೀತೀನಿ" ಎಂದೆ.

ಏಪ್ರಿಲ್ ೩, ಶುಭ ಶುಕ್ರವಾರ

ಅಂಗಡಿ ಇಲ್ಲ. ಶಿಲುಬೆಗೆ ಮುತ್ತಿಡಲು ನಾವಿಬ್ಬರೂ ಒಟ್ಟಿಗೆ ಹೋದೆವು.

ಏಪ್ರಿಲ್ ೪, ಪವಿತ್ರ ಶನಿವಾರ

ಕಿಟಕಿ ಕಡೆಯ ಕುರ್ಚಿಯ ಧೂಳು ಒರೆಸಿದೆ, ಸುತ್ತುವ ಜಾಗಕ್ಕೆ ಎಣ್ಣೆ ಬಿಟ್ಟೆ. ಆ ಕೆಲಸದವನು ಬಂದ. "ಈಸ್ಟರ್ ಬಂತಲ್ಲ, ಬರ್ಲಾ?" ಎಂದ. ಕುರ್ಚಿ ಖಾಲಿ ಇಲ್ಲ, ತಮ್ಮನದ್ದು ಎಂದೆ.

"ಅವರು ಕೆಲಸ ಬಿಟ್ರು ಅಂತ ಕೇಳಿದ್ದೆ?"

"ಕೆಲಸ ಮಾಡೋಕಲ್ಲ. ಅವನು ಕೂತ್ಕೊಳ್ಳೋಕೆ."

ಅವನಿಗೆ ಏನೂ ಅರ್ಥವಾಗಲಿಲ್ಲ. ಬೇಕಾದರೆ ನನ್ನ ಕುರ್ಚಿಯಲ್ಲಿ ಅರ್ಧ ದಿನ ಕೆಲಸ ಮಾಡು, ನನಗೂ ವಯಸ್ಸಾಯಿತು ಎಂದೆ. ಯೋಚಿಸಿ ಹೇಳುತ್ತಾನಂತೆ.

ಏಪ್ರಿಲ್ ೫, ಈಸ್ಟರ್

ಘಂಟೆ ಮೊಳಗಿತು, ನೇರಳೆ ಬಟ್ಟೆಗಳು ಬಿದ್ದವು. ಸಂತ ಜೋಸೆಫರು ಹೊಸದಾಗಿ ಕಟಿಂಗ್ ಮಾಡಿಸಿಕೊಂಡವರ ಹಾಗೆ ಕಾಣುತ್ತಿದ್ದರು. ಹೆಂಡತಿ, "ವ್ರತ ಮುಗೀತು. ಇನ್ನು ನಿಮ್ಮನ್ನ ಹಿಡಿಯೋರಿಲ್ಲ" ಎಂದಳು.

ಪೂಜೆಯಿಂದ ನೇರ ಅಂಗಡಿಗೆ ಬಂದೆವು, ನಾನು ಮತ್ತು ತಮ್ಮ. ಬಾಗಿಲು ಅರ್ಧ ಎಳೆದೆ, ಬೇರೆ ಗಿರಾಕಿ ಬೇಡವೆಂದು. ಅವನು ತನ್ನ ಕುರ್ಚಿಯಲ್ಲಿ ಕೂತ. ಆ ಕುರ್ಚಿಯಿಂದ ಕನ್ನಡಿ ಹೇಗೆ ಕಾಣುತ್ತದೆ ಎಂದು ಅವನಿಗೆ ಗೊತ್ತೇ ಇರಲಿಲ್ಲವಂತೆ, ಯಾವತ್ತೂ ಅದರ ಹಿಂದೆಯೇ ನಿಂತವನು. ಬಟ್ಟೆ ಹೊದಿಸಿದೆ. ಕೈಗಳೆರಡೂ ಬಟ್ಟೆಯ ಕೆಳಗೆ ನಡುಗುತ್ತಿದ್ದವು, ಇರಲಿ ಬಿಡು ಎಂದುಕೊಂಡೆ. ಬಿಸಿ ಟವಲ್ ಹಾಕಿದೆ. ಟ್ರಿಮ್ಮರಿನಲ್ಲಿ ಉದ್ದ ತೆಗೆದೆ. ಸೋಪು ಹಚ್ಚುವ ಮೊದಲೇ ಭುಜ ತಟ್ಟಿದೆ.

"ಮೀಸೆ ಇರ್ಲಾ, ತೆಗೀಲಾ?"

ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ. "ಇಷ್ಟು ದಿನ ಬಾಯಿ ಕಟ್ಕೊಂಡು, ಇದೇನಾ ನೀನು ಕೇಳೋದು?"

"ಇದೇ."

ನಗು ತಡೆಯಲಾಗದೆ ಅವನ ಹೆಗಲು ಕುಲುಕಿತು. "ಇರ್ಲಿ. ಮೇಷ್ಟ್ರಿಗೆ ಹೊಟ್ಟೆ ಉರೀಲಿ" ಎಂದ.

ಸೋಪು ಹಚ್ಚಿ ರೇಜರ್ ತೆಗೆದುಕೊಂಡೆ. ಅವನು ಕಣ್ಣು ಮುಚ್ಚಿಕೊಂಡು ತಾನಾಗಿ ಶುರು ಮಾಡಿದ. ಮೊದಲು ಬಲಗೈಯ ಒಂದು ಬೆರಳಿನಲ್ಲಿ ಹೇಗೆ ಶುರುವಾಯಿತು, ಯಾವ ಡಾಕ್ಟರು ಏನಂದರು, ಮಾತ್ರೆ ತಗೊಂಡರೆ ಮಧ್ಯಾಹ್ನದವರೆಗೆ ಪರವಾಗಿಲ್ಲ, ಗುಂಡಿ ಹಾಕುವುದು ಹೆಂಡತಿ, ಗೋಡೌನಿನಲ್ಲಿ ಒಬ್ಬನೇ ಕೂತಾಗ ಭಯವಾಗುತ್ತದೆ, ಇದು ವಾಸಿಯಾಗುವ ಕಾಯಿಲೆಯಲ್ಲ. ಎಲ್ಲ ಹೇಳುತ್ತಾ ಹೋದ. ಎಡಗೆನ್ನೆ ಮುಗಿಯಿತು. ಬಲಗೆನ್ನೆ ಮುಗಿಯಿತು. ಗದ್ದ, ಕುತ್ತಿಗೆ ಮುಗಿಯಿತು. ಅವನ ಮಾತು ಇನ್ನೂ ಮುಗಿದಿರಲಿಲ್ಲ.

ಕೆನ್ನೆ ಮುಟ್ಟಿ ನೋಡಿದೆ, ಎಲ್ಲೂ ಒಂದು ಎಳೆ ಉಳಿದಿರಲಿಲ್ಲ. ಬ್ರಷ್ಷನ್ನು ನೀರಿನಲ್ಲಿ ಅದ್ದಿ, ಇನ್ನೊಂದು ಸಲ ಸೋಪು ಹಚ್ಚಿದೆ.